ಸಮನ್ಸಿಗೆ ಹೆದರಿ ಊರು ಬಿಡಬೇಡಿ: ಜೀವನಾಂಶದ ಕೇಸಿನಲ್ಲಿರುವ ತಂದೆಯರಿಗೆ ಒಂದು ಬಹಿರಂಗ ಪತ್ರ

ರಾಯಚೂರು ಜಿಲ್ಲೆಯ ದೇವಸುಗೂರು, ಶಕ್ತಿನಗರ, ದೇವದುರ್ಗ, ಮಾನ್ವಿ ಕಡೆಯ ಅಣ್ಣ ತಮ್ಮಂದಿರೇ,

ನಿಮ್ಮ ಹೆಸರಿಗೆ ಕೋರ್ಟಿನಿಂದ ಜೀವನಾಂಶದ ಸಮನ್ಸ್ ಬಂದಿದೆ. ಇಲ್ಲವೇ ಮಕ್ಕಳ ಬಾಕಿ ಕಟ್ಟಿಲ್ಲವೆಂದು ವಾರಂಟ್ ಹೊರಟಿದೆ. ಈ ಪತ್ರ ನಿಮಗೆ. ನಾನು ಇಷ್ಟು ವರ್ಷ ಕೂತದ್ದು ನಿಮ್ಮ ಎದುರು ಪಕ್ಷದವರ ಜೊತೆ. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳ ಅರ್ಜಿ ಬರೆದುಕೊಡುವುದು, ಅವರ ಜೊತೆ ತಾರೀಖಿಗೆ ಹೋಗುವುದು, ಮಗುವಿನ ಆಧಾರ್ ಕಾರ್ಡು, ಶಾಲೆಯ ಕಾಗದಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಹಾಗಿದ್ದೂ ನಿಮಗೇ ಬರೆಯುತ್ತಿದ್ದೇನೆ. ಕೋರ್ಟಿಗೆ ಬಾರದ ತಂದೆಯ ಮೇಲೆ ಆದ ದೊಡ್ಡ ಮೊತ್ತದ ಆದೇಶದಿಂದ ಮಕ್ಕಳ ಹೊಟ್ಟೆ ತುಂಬಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ವಕೀಲರನ್ನು ಇಟ್ಟುಕೊಂಡು ಎದುರು ನಿಂತು, ತನ್ನ ದುಡಿಮೆ ಇಷ್ಟು, ಇದರಲ್ಲಿ ಇಷ್ಟು ಕೊಡಬಲ್ಲೆ ಎಂದು ನಿಜ ಹೇಳಿದ ತಂದೆಯ ಸಣ್ಣ ಮೊತ್ತವೇ ತಿಂಗಳು ತಿಂಗಳು ಬಂದು ಮುಟ್ಟುತ್ತದೆ. ನಿಮಗೊಬ್ಬ ಒಳ್ಳೆಯ ವಕೀಲರು ಸಿಗುವುದು ನಿಮ್ಮ ಮಗುವಿಗೂ ಒಳ್ಳೆಯದು. ಆ ವಕೀಲರನ್ನು ಪುಕ್ಕಟೆಯಾಗಿ ಕೇಳುವ ಹಕ್ಕು ನಿಮಗಿದೆ ಎಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ಭಾಗದಲ್ಲಿ ಈ ಕೇಸುಗಳು ಹಾದಿ ತಪ್ಪುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ದೇವದುರ್ಗದ ತಾಂಡಾದಿಂದಲೋ ಮಾನ್ವಿಯ ಮಳೆ ನೆಚ್ಚಿದ ಹಳ್ಳಿಯಿಂದಲೋ ನೀವು ಗುಳೆ ಹೋಗಿರುತ್ತೀರಿ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ತಗಡಿನ ಶೆಡ್ಡಿನಲ್ಲಿ ವಾಸ. ಸಮನ್ಸ್ ಊರಿನ ವಿಳಾಸಕ್ಕೆ ಬರುತ್ತದೆ. 'ಅವ ಇಲ್ರೀ, ಬೆಂಗಳೂರಿಗೆ ಹೋಗ್ಯಾನ' ಎಂದು ಮನೆಯವರು ಹೇಳಿ ಕಳಿಸುತ್ತಾರೆ. ಫೋನಿನಲ್ಲಿ ನಿಮಗೆ ಸುದ್ದಿ ಮುಟ್ಟುತ್ತದೆ. 'ಇರ್ಲಿ ಬಿಡು, ಹಬ್ಬಕ್ಕ ಬಂದಾಗ ನೋಡಿದ್ರಾತು' ಎನ್ನುತ್ತೀರಿ. ಕೈಯಲ್ಲಿ ಕಾಸಿಲ್ಲ, ವಕೀಲರ ಫೀಸು ಎಷ್ಟಾಗುತ್ತದೋ ಗೊತ್ತಿಲ್ಲ, ಹೋದರೆ ಅಲ್ಲೇ ಹಿಡಿದು ಒಳಗೆ ಹಾಕುತ್ತಾರೆ ಎಂದು ಜೊತೆಯ ಗೌಂಡಿಯೊಬ್ಬ ಹೆದರಿಸಿರುತ್ತಾನೆ. ಅವನ ಮಾತು ಸುಳ್ಳು. ಜೀವನಾಂಶದ ಅರ್ಜಿಗೆ ಉತ್ತರ ಕೊಡಲು ಬಂದವರನ್ನು ಯಾರೂ ಹಿಡಿಯುವುದಿಲ್ಲ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ನಿಮ್ಮನ್ನು ಬಿಟ್ಟು ವಿಚಾರಣೆ ನಡೆಯುತ್ತದೆ, ಏಕಪಕ್ಷೀಯ ಆದೇಶ ಆಗುತ್ತದೆ.

ಆಗ ನಿಮ್ಮ ಆದಾಯ ಎಷ್ಟು ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಎದುರು ಪಕ್ಷ ಹೇಳಿದ್ದೇ ದಾಖಲೆ. ಸುಪ್ರೀಂ ಕೋರ್ಟು 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿರುವಂತೆ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಆದೇಶ ಆಗಲು ಒಂದೂವರೆ ವರ್ಷ ಹಿಡಿದು, ತಿಂಗಳಿಗೆ 4,000 ರೂಪಾಯಿ ಎಂದು ನಿಗದಿಯಾಯಿತೆನ್ನಿ. ನೀವು ಆದೇಶದ ಸುದ್ದಿ ಕೇಳುವ ದಿನವೇ 72,000 ರೂಪಾಯಿ ಬಾಕಿದಾರರು. ಗೌಂಡಿಯ ಕೈಕೆಳಗೆ ಕಲ್ಲು ಹೊರುವವನು ಅಷ್ಟನ್ನು ಒಂದೇ ಸಲ ಎಲ್ಲಿಂದ ತಂದಾನು? ಮೊಹರಂಗೆ, ಉಗಾದಿಗೆ ಊರಿಗೆ ಬಂದಾಗ ವಾರಂಟ್ ಎದುರಾಗುತ್ತದೆ. ಅಲಾಯಿ ಕುಣಿಯುವ ಹೊತ್ತಿಗೆ ಠಾಣೆಯಲ್ಲಿ ಕೂರುವ ಪರಿಸ್ಥಿತಿ ಯಾವ ತಂದೆಗೂ ಬರಬಾರದು, ಆ ತಂದೆಯ ಮಗುವಿಗಂತೂ ಬರಲೇಬಾರದು.

ಕಾನೂನು ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಎಲ್ಲರ ಬಾಯಲ್ಲಿ '125 ಕೇಸು' ಎಂದೇ ರೂಢಿಯಾಗಿರುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಸಂಖ್ಯೆ ಬದಲಾಗಿದೆ, ತಿರುಳು ಅದೇ ಇದೆ. ಸಾಕಷ್ಟು ಸಾಮರ್ಥ್ಯವಿದ್ದೂ ಹೆಂಡತಿಯನ್ನು, ಮಕ್ಕಳನ್ನು, ತಂದೆ ತಾಯಿಯನ್ನು ಸಾಕದೆ ಬಿಟ್ಟವರಿಗೆ ತಿಂಗಳಿಗಿಷ್ಟು ಕೊಡಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಹಿಂದೆ 500 ರೂಪಾಯಿಯ ಮಿತಿ ಇತ್ತು, 2001ರಲ್ಲಿ ಅದು ಹೋಯಿತು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಈ ಹಕ್ಕು ಇದೆ. ನಮ್ಮ ಜಿಲ್ಲೆಯ ದೇವದಾಸಿ ತಾಯಂದಿರ ಮಕ್ಕಳಿಗೂ ಇದೇ ಕಲಂ ಬಾಗಿಲು ತೆರೆದಿಟ್ಟಿದೆ ಎಂಬುದನ್ನು ಕೆಲವು ಗಂಡಸರು ನೆನಪಿಡಬೇಕು.

ಕೊಡಬೇಕಾದ್ದನ್ನು ಕೊಡದಿದ್ದರೆ ಜೈಲು ಉಂಟೆ? ಉಂಟು. ಆದರೆ ಕಲಮಿನ ಮಾತುಗಳನ್ನು ನಿಧಾನವಾಗಿ ಓದಬೇಕು. 'ಸಾಕಷ್ಟು ಕಾರಣವಿಲ್ಲದೆ' ಕೊಡದೇ ಇದ್ದರೆ ಮೊದಲು ದಂಡ ವಸೂಲಿ ಮಾಡುವ ರೀತಿಯಲ್ಲಿ ಬಾಕಿ ವಸೂಲಿಗೆ ವಾರಂಟ್. ಅದು ಜಾರಿಯಾದ ಮೇಲೂ ಉಳಿದ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮುಂಚೆ ಹಣ ಕಟ್ಟುವವರೆಗೆ, ಸೆರೆವಾಸ. ಕಾರಣ ಹೇಳಿಕೊಳ್ಳಲು ಕಾನೂನೇ ಜಾಗ ಬಿಟ್ಟಿದೆ. ಕಾಲು ಮುರಿದುಕೊಂಡು ಮಲಗಿದವನಿಗೆ ಕಾರಣವಿದೆ, ಗುತ್ತಿಗೆ ಕೆಲಸ ಹೋಗಿ ಮನೆಯಲ್ಲಿ ಕೂತವನಿಗೂ ಹೇಳಿಕೊಳ್ಳಲು ಮಾತಿದೆ. ಅದನ್ನು ಸರಿಯಾದ ಅರ್ಜಿಯಲ್ಲಿ, ಕಾಗದಪತ್ರದ ಸಮೇತ, ಸರಿಯಾದ ಹೊತ್ತಿಗೆ ಹೇಳುವುದಕ್ಕೇ ವಕೀಲರು ಬೇಕು. ಬಾಯಿಮಾತಿನಲ್ಲಿ 'ಎಲ್ಲಿಂದ ತಂದು ಕೊಡ್ಲಿ ರೀ' ಎಂದರೆ ಅದು ದಾಖಲೆಗೆ ಸೇರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಶಕ್ತಿನಗರದ ಚಹಾದಂಗಡಿಗಳಲ್ಲಿ ಬಲವಾಗಿ ಬೇರೂರಿದೆ. ಒಂದು ತಿಂಗಳು ಒಳಗಿದ್ದು ಬಂದರೆ ಸಾಲ ತೀರಿತು ಎನ್ನುತ್ತಾರೆ. ತೀರುವುದಿಲ್ಲ. ಜೈಲು ಎಂಬುದು ವಸೂಲಿಯ ಒಂದು ದಾರಿ ಮಾತ್ರ, ಅದರಿಂದ ಬಾಕಿ ಮನ್ನಾ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಕುಲ್ದೀಪ್ ಕೌರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಜೈಲಿನಲ್ಲಿ ಕಳೆದ ತಿಂಗಳ ಕೂಲಿಯೂ ಹೋಯಿತು, ಬಾಕಿಯೂ ಹಾಗೇ ಉಳಿಯಿತು, ಆ ತಿಂಗಳದ್ದು ಹೊಸದಾಗಿ ಸೇರಿತು. ಇದರಲ್ಲಿ ಗೆದ್ದವರು ಯಾರು?

ಈಗ ನಿಮ್ಮ ಹಕ್ಕಿನ ಮಾತು. 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ಎಂಬ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಉಚಿತ ಕಾನೂನು ನೆರವು ಒದಗಿಸುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. ಅದರಂತೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು. ಅದರ 12ನೇ ಕಲಮಿನಲ್ಲಿ ಯಾರಿಗೆ ಪುಕ್ಕಟೆ ವಕೀಲರು ಎಂಬ ಪಟ್ಟಿ ಇದೆ. ಹೆಂಗಸರು ಮತ್ತು ಮಕ್ಕಳು ಆ ಪಟ್ಟಿಯಲ್ಲಿದ್ದಾರೆ, ಅದು ಎಲ್ಲರಿಗೂ ಗೊತ್ತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರೂ ಇದ್ದಾರೆ, ಅವರ ಆದಾಯ ಎಷ್ಟೇ ಇರಲಿ. ದೇವಸುಗೂರು ಸೇರಿರುವ ರಾಯಚೂರು ಗ್ರಾಮೀಣ, ದೇವದುರ್ಗ, ಮಾನ್ವಿ ಮೂರೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಓಟಿನ ಹೊತ್ತಿನಲ್ಲಿ ಈ ಮೀಸಲಾತಿಯ ಲೆಕ್ಕ ನಮಗೆ ಬಾಯಿಪಾಠ. ಅದೇ ಜಾತಿ ಪ್ರಮಾಣಪತ್ರ ತೋರಿಸಿದರೆ ಕೋರ್ಟಿನಲ್ಲಿ ಫೀಸಿಲ್ಲದ ವಕೀಲರು ಸಿಗುತ್ತಾರೆ ಎಂಬುದನ್ನು ಯಾವ ವೇದಿಕೆಯಿಂದಲೂ ಯಾರೂ ಕೂಗಿ ಹೇಳುವುದಿಲ್ಲ. ಅಂಗವಿಕಲರು ಆ ಪಟ್ಟಿಯಲ್ಲಿದ್ದಾರೆ. ಕೈಗಾರಿಕಾ ಕಾರ್ಮಿಕರು ಇದ್ದಾರೆ. ಬಂಧನದಲ್ಲಿರುವವರೂ ಇದ್ದಾರೆ, ಅಂದರೆ ಬಾಕಿ ಕಟ್ಟದೆ ಜೈಲು ಸೇರಿದವರಿಗೂ ಅಲ್ಲಿಂದಲೇ ವಕೀಲರನ್ನು ಕೇಳುವ ಹಕ್ಕಿದೆ. ಇವು ಯಾವುದೂ ಅಲ್ಲದ ಬೇರೆ ಸಮಾಜದ ಬಡವರಿಗೆ ಕರ್ನಾಟಕದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿ ಎಂಬ ಮಿತಿ ಇದೆ. ನಿಮ್ಮ ಆದಾಯದ ಬಗ್ಗೆ ನೀವೇ ಮಾಡಿದ ಅಫಿಡವಿಟ್ಟನ್ನು ಪ್ರಾಧಿಕಾರ ಸಾಕೆಂದು ಒಪ್ಪಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ.

ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ದೇವದುರ್ಗ, ಮಾನ್ವಿಯವರು ಅಲ್ಲಿಯತನಕ ಬರಬೇಕಿಲ್ಲ, ಆಯಾ ಊರಿನ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಬಿಳಿ ಹಾಳೆಯ ಮೇಲೆ ಹೆಸರು, ಕೇಸಿನ ನಂಬರು, ಯಾವ ಕೋರ್ಟು, ಏಕೆ ನೆರವು ಬೇಕು ಎಂದು ಬರೆದುಕೊಟ್ಟರೂ ನಡೆಯುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನವರು ಬರೆದುಕೊಳ್ಳುತ್ತಾರೆ. ವಕೀಲರ ಫೀಸು, ಕೋರ್ಟ್ ಶುಲ್ಕ, ಟೈಪಿಂಗ್, ನಕಲು ತೆಗೆಸುವ ಖರ್ಚು ಎಲ್ಲವೂ ಪ್ರಾಧಿಕಾರದ್ದೇ. ನೇಮಕವಾದ ವಕೀಲರ ಕೈಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

'ಆಕಿಗೂ ಅಲ್ಲೇ ವಕೀಲ್ರನ್ನ ಕೊಟ್ಟಾರ, ನನಗೂ ಅವ್ರೇ ಕೊಟ್ರ ಇಬ್ರೂ ಒಂದ ಅಲ್ಲೇನ್ರೀ?' ಎಂಬ ಅನುಮಾನ ನನಗೆ ಪದೇ ಪದೇ ಕೇಳಿಬಂದಿದೆ. ಆ ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಪ್ರಾಧಿಕಾರದ ಪಟ್ಟಿಯಲ್ಲಿ ಹಲವು ವಕೀಲರಿರುತ್ತಾರೆ, ಎರಡೂ ಕಡೆಗೆ ಬೇರೆ ಬೇರೆಯವರನ್ನು ಕೊಡುತ್ತಾರೆ. ನಿಮ್ಮ ವಕೀಲರಿಗೆ ನಿಮ್ಮ ಗುಟ್ಟು ಕಾಯುವ ಕರ್ತವ್ಯವಿದೆ, ಅದು ದುಡ್ಡು ಕೊಟ್ಟು ಇಟ್ಟುಕೊಂಡ ವಕೀಲರಿಗೆ ಇರುವಷ್ಟೇ. ಅವರು ತಾರೀಖಿಗೆ ಬಾರದಿದ್ದರೆ, ನಿಮ್ಮ ಮಾತು ಕೇಳದಿದ್ದರೆ ಬದಲಾಯಿಸಿ ಕೊಡಿ ಎಂದು ಅದೇ ಕಚೇರಿಗೆ ಬರೆದುಕೊಡಿ. ಹಾಗೆ ಕೇಳಲು ಅಂಜಬೇಡಿ.

ಈ ಹಕ್ಕು ಎಷ್ಟು ದೊಡ್ಡದು ಎಂದು ತಿಳಿಯಲು ಅಮೆರಿಕದ ಒಂದು ಪ್ರಕರಣ ನೋಡಬೇಕು. ದಕ್ಷಿಣ ಕೆರೊಲಿನಾದ ಮೈಕೆಲ್ ಟರ್ನರ್ ಎಂಬಾತ ಮಗುವಿಗೆ ವಾರಕ್ಕೆ 51 ಡಾಲರ್ ಚಿಲ್ಲರೆ ಕೊಡಬೇಕಿತ್ತು. ಕೊಡಲಿಲ್ಲ, ಮತ್ತೆ ಮತ್ತೆ ಕೋರ್ಟಿಗೆ ಬಂದ. 2008ರಲ್ಲಿ ವಕೀಲರಿಲ್ಲದೆ ನಿಂತಿದ್ದ ಅವನನ್ನು, ಕೊಡುವ ಶಕ್ತಿ ಇದೆಯೇ ಇಲ್ಲವೇ ಎಂದು ತೀರ್ಮಾನಿಸದೆಯೇ, ನ್ಯಾಯಾಧೀಶರು 12 ತಿಂಗಳು ಜೈಲಿಗೆ ಕಳಿಸಿದರು. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನತನಕ ಹೋಯಿತು. 2011ರಲ್ಲಿ ಬಂದ ತೀರ್ಪಿನಲ್ಲಿ ಟರ್ನರ್‌ಗೆ ಅನ್ಯಾಯವಾಗಿದೆ ಎಂದರು, ಕೊಡುವ ಶಕ್ತಿಯನ್ನು ವಿಚಾರಿಸಲು ಒಂದು ನಮೂನೆಯಾದರೂ ತುಂಬಿಸಿಕೊಳ್ಳಬೇಕಿತ್ತು ಎಂದರು. ಆದರೆ ಇಂಥ ಕೇಸಿನಲ್ಲಿ ಸರ್ಕಾರ ವಕೀಲರನ್ನು ಕೊಡಲೇಬೇಕು ಎಂದು ಹೇಳಲಿಲ್ಲ. ಅಷ್ಟು ಸಿರಿವಂತ ದೇಶದ ತಂದೆಗೆ ಸಿಗದ ಭರವಸೆ ದೇವದುರ್ಗದ ಕೂಲಿಕಾರನಿಗೆ 1987ರ ಕಾಯ್ದೆಯಲ್ಲೇ ಬರೆದಿದೆ. ಅದನ್ನು ಉಪಯೋಗಿಸಿಕೊಳ್ಳದೆ ಬಿಡುವುದು ಸಂಕಟದ ಸಂಗತಿ.

ಟರ್ನರ್ ಪ್ರಕರಣದಲ್ಲಿ ಹೇಳಿದ ಆ ನಮೂನೆ ನಮ್ಮಲ್ಲಿ ಕಡ್ಡಾಯವಾಗಿಯೇ ಇದೆ. ರಜನೀಶ್ ಮತ್ತು ನೇಹಾ ತೀರ್ಪಿನ ಕೊನೆಗೆ ಅದನ್ನು ಜೋಡಿಸಿದ್ದಾರೆ. ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್ ಎಂದು ಅದರ ಹೆಸರು. ಗಂಡ, ಹೆಂಡತಿ ಇಬ್ಬರೂ ಸಲ್ಲಿಸಬೇಕು. ಸಂಬಳ, ವ್ಯಾಪಾರ ಇರುವವರಿಗೆ ಒಂದು ನಮೂನೆ, ಬೇಸಾಯಗಾರರಿಗೆ ಇನ್ನೊಂದು. ಬೇಸಾಯದ ನಮೂನೆ ಮಾನ್ವಿಯ ರೈತರನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ. ಜಮೀನು ಎಷ್ಟು, ಅದರಲ್ಲಿ ನಿಮ್ಮ ಪಾಲೆಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆಯುತ್ತೀರಿ, ಕಳೆದ ಮೂರು ವರ್ಷದಲ್ಲಿ ಎಷ್ಟು ಬಂತು, ಬೇರೆಯವರ ಹೊಲ ಪಾಲಿಗೆ ಅಥವಾ ಲೀಜಿಗೆ ಮಾಡಿದ್ದೀರಾ, ಎಮ್ಮೆ, ಆಕಳು, ಆಡು, ಕೋಳಿ ಎಷ್ಟು, ಜಮೀನಿನ ಮೇಲೆ ಸಾಲ ಎಷ್ಟು ಎಂದು ಒಂದೊಂದಾಗಿ ಕೇಳುತ್ತದೆ.

ಈ ನಮೂನೆಯನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ನಿಮ್ಮ ಇಡೀ ಕೇಸು ನಿಂತಿರುವುದು ಈ ಹಾಳೆಗಳ ಮೇಲೆ. ಪಹಣಿಯಲ್ಲಿ ನಾಲ್ಕು ಎಕರೆ ನಿಮ್ಮ ಹೆಸರಿಗಿದೆ ಎಂದಾದರೆ, ಆ ನಾಲ್ಕು ಎಕರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ, ಅಲ್ಲಿಗೆ ನೀರು ಮುಟ್ಟುವುದೇ ಕಷ್ಟ ಎಂಬುದನ್ನು ಪಹಣಿ ತಾನಾಗಿ ಹೇಳುವುದಿಲ್ಲ. ಕಾಗದದಲ್ಲಿ ನೀರಾವರಿ, ಕಣ್ಣೆದುರು ಬೀಳು. ಮೂರು ವರ್ಷದ ಆದಾಯದ ಅಂಕಣ ಇರುವುದೇ ಅದನ್ನು ಹೇಳಿಕೊಳ್ಳಲು. ಮಾರುಕಟ್ಟೆಯ ಪಟ್ಟಿಗಳು, ಸೊಸೈಟಿ ಸಾಲದ ಪಾಸ್‌ಬುಕ್, ಬೆಳೆ ವಿಮೆಯ ರಸೀದಿ ಎಲ್ಲವನ್ನೂ ಜೊತೆಗಿಡಿ. ಶಕ್ತಿನಗರದ ವಿದ್ಯುತ್ ಕೇಂದ್ರದ ಗುತ್ತಿಗೆ ಕಾರ್ಮಿಕರಾದರೆ ಗೇಟ್ ಪಾಸು, ಪಿಎಫ್ ಪಾಸ್‌ಬುಕ್, ಬ್ಯಾಂಕಿನ ಆರು ತಿಂಗಳ ವಿವರ ತನ್ನಿ. ಪಿಎಫ್ ಖಾತೆಗೆ ಯಾವ ತಿಂಗಳು ದುಡ್ಡು ಬಂದಿದೆ, ಯಾವ ತಿಂಗಳು ಬಂದಿಲ್ಲ ಎಂಬುದು ನಿಮ್ಮ ಕೆಲಸ ಹೋದ ದಿನಕ್ಕೆ ದೊಡ್ಡ ಸಾಕ್ಷಿ. ಮನೆಯಲ್ಲಿ ಹಾಸಿಗೆ ಹಿಡಿದ ಅವ್ವನ ಔಷಧಿ ಚೀಟಿಯೂ ಕೆಲಸಕ್ಕೆ ಬರುತ್ತದೆ, ಅವಲಂಬಿತರ ಖರ್ಚನ್ನು ಕೋರ್ಟು ನೋಡುತ್ತದೆ.

ಮತ್ತು ಸುಳ್ಳು ಬರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೇಸು ಬಿದ್ದೊಡನೆ ಹೊಲವನ್ನು ತಮ್ಮನ ಹೆಸರಿಗೆ ಮಾಡಿಸಿಕೊಟ್ಟವರು, ಬೈಕನ್ನು ಭಾವಮೈದುನನ ಹೆಸರಿಗೆ ವರ್ಗಾಯಿಸಿದವರು ನಮ್ಮ ನಡುವೆಯೇ ಇದ್ದಾರೆ. ಮ್ಯುಟೇಶನ್ ದಿನಾಂಕವನ್ನು ಎದುರು ವಕೀಲರು ಒಂದೇ ಪ್ರಶ್ನೆಯಲ್ಲಿ ಹೊರಗೆ ತೆಗೆಯುತ್ತಾರೆ. ಆಮೇಲೆ ನಿಮ್ಮ ನಿಜವಾದ ಕಷ್ಟವನ್ನೂ ಕೋರ್ಟು ನಂಬುವುದಿಲ್ಲ, ಸುಳ್ಳು ಪ್ರಮಾಣಕ್ಕೆ ಬೇರೆ ಕ್ರಮವೂ ಆದೀತು. 'ನನಗೆ ಕೆಲಸವೇ ಇಲ್ಲ' ಎಂದು ಕೈಯೆತ್ತಿದರೂ ನಡೆಯುವುದಿಲ್ಲ. ಮೈಯಲ್ಲಿ ಶಕ್ತಿಯಿರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಮತ್ತೆ ಹೇಳಿದೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆ. ತಾಯಿ ಹತ್ತಿ ಬಿಡಿಸಲು ಹೋಗಿ ಮಗುವನ್ನು ಸಾಕುತ್ತಿದ್ದಾಳೆ, ತಂದೆಗೆ ಮಾತ್ರ ಕೂಲಿ ಅವಮಾನವಾಗಬಾರದು.

ಆದೇಶ ಆದ ಮೇಲೆ ಬದುಕು ತಲೆಕೆಳಗಾದರೆ? ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾದಾಗಿನಿಂದ ದೇವಸುಗೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅಲ್ಲಿನ ಗುತ್ತಿಗೆ ಕೂಲಿಯಿಂದ. ಎಂಟು ಘಟಕ, 1720 ಮೆಗಾವಾಟ್ ಎಂದು ಹೊರಗಿನವರಿಗೆ ಹೆಮ್ಮೆಯ ಲೆಕ್ಕ. ಟೆಂಡರ್ ಬದಲಾದಾಗ, ಘಟಕ ನಿಂತಾಗ ಹಾಜರಿ ಕಡಿಮೆಯಾಗುವ ಲೆಕ್ಕ ನಮಗೇ ಗೊತ್ತು. ಹೊಲದವರದೂ ಅಷ್ಟೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ರಾತ್ರಿ ಮಾನ್ವಿ, ಸಿಂಧನೂರಿನಲ್ಲಿ ಯಾರಿಗೆ ನಿದ್ದೆ ಬಂದೀತು? ಇಂಥ ಹೊತ್ತಿಗಾಗಿ ಹೊಸ ಸಂಹಿತೆಯ 146ನೇ ಕಲಂ ಇದೆ. ಪರಿಸ್ಥಿತಿ ಬದಲಾದುದನ್ನು ತೋರಿಸಿ ಮೊತ್ತ ಕಡಿಮೆ ಮಾಡಿ ಎಂದು ಕೇಳಬಹುದು. ಮಕ್ಕಳ ಖರ್ಚು ಏರಿದೆಯೆಂದು ತಾಯಿಯೂ ಅದೇ ಕಲಮಿನಲ್ಲಿ ಹೆಚ್ಚು ಮಾಡಿ ಎಂದು ಕೇಳಬಹುದು. ಕೆಲಸ ಹೋದ ತಿಂಗಳೇ ಅರ್ಜಿ ಹಾಕಿ. ಎರಡು ವರ್ಷ ಸುಮ್ಮನಿದ್ದು, ವಾರಂಟ್ ಬಂದ ಮೇಲೆ 'ಆಗ ನನಗೆ ಕೆಲಸ ಇರ್ಲಿಲ್ಲ' ಎಂದರೆ ಹಳೆಯ ಬಾಕಿ ಕರಗುವುದಿಲ್ಲ.

ನಿಮ್ಮನ್ನು ಬಿಟ್ಟು ಆದ ಏಕಪಕ್ಷೀಯ ಆದೇಶಕ್ಕೂ ದಾರಿ ಉಂಟು. ಆದೇಶವಾದ ಮೂರು ತಿಂಗಳೊಳಗೆ ಸರಿಯಾದ ಕಾರಣ ತೋರಿಸಿ ಅರ್ಜಿ ಕೊಟ್ಟರೆ ಅದನ್ನು ರದ್ದು ಮಾಡಿ ಮತ್ತೆ ವಿಚಾರಣೆ ನಡೆಸಬಹುದು. ಎದುರು ಪಕ್ಷಕ್ಕೆ ಖರ್ಚು ಕೊಡಿ ಎಂಬ ಷರತ್ತು ಹಾಕಬಹುದು. ಮೂರು ತಿಂಗಳು ದಾಟಿದ್ದರೂ ವಕೀಲರನ್ನು ಕಾಣದೆ ಇರಬೇಡಿ. ಆದೇಶವೇ ತಪ್ಪು ಎನಿಸಿದರೆ ಮೇಲಿನ ಕೋರ್ಟಿದೆ. ಹೈಕೋರ್ಟಿಗೆ ಹೋಗಬೇಕಾದರೂ ಈಗ ಬೆಂಗಳೂರಿನತನಕ ಓಡಬೇಕಿಲ್ಲ, ಪೀಠ ಕಲಬುರಗಿಯಲ್ಲೇ ಇದೆ. ಅಲ್ಲಿಯೂ ಉಚಿತ ಕಾನೂನು ನೆರವಿದೆ.

ಇನ್ನು ಹಿರಿಯರ ಪಂಚಾಯ್ತಿಯ ಮಾತು. ನಮ್ಮ ಕಡೆ ಎಷ್ಟೋ ಮದುವೆಗಳು ಮುರಿಯುವುದು ಕೋರ್ಟಿನಲ್ಲಲ್ಲ, ಗುಡಿಯ ಕಟ್ಟೆಯ ಮೇಲೆ. ಐದು ಜನ ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಸೋಡಪತ್ರ, ಅಂದರೆ ಮದುವೆ ಬಿಟ್ಟ ಕಾಗದ, ಬರೆಸುತ್ತಾರೆ. 'ಇಷ್ಟು ಕೊಟ್ಟೀನಿ, ಇನ್ನ ಮುಂದ ಆಕಿಗೂ ಮಕ್ಕಳಿಗೂ ನನಗೂ ಸಂಬಂಧ ಇಲ್ಲ' ಎಂದು ಸಹಿ, ಹೆಬ್ಬೆಟ್ಟು ಬೀಳುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ನೀವು ನಂಬುತ್ತೀರಿ, ಪಾಪ, ನಿಜವಾಗಿಯೂ ನಂಬುತ್ತೀರಿ. ನಾಲ್ಕು ವರ್ಷದ ಮೇಲೆ ಮಗುವಿನ ಪರವಾಗಿ ಕೇಸು ಬಿದ್ದಾಗ ನಿಮಗೆ ಮೋಸ ಮಾಡಿದಂತೆ ಅನಿಸುತ್ತದೆ. ಮಗುವಿನ ಅನ್ನದ ಹಕ್ಕನ್ನು ತಾಯಿ ಬರೆದುಕೊಡಲು ಬರುವುದಿಲ್ಲ, ಹಿರಿಯರು ಬರೆಸಿಕೊಳ್ಳಲು ಬರುವುದಿಲ್ಲ. ಮಗು ಆ ಕಾಗದಕ್ಕೆ ಸಹಿ ಹಾಕಿಲ್ಲ. ಆ ಕಾಗದ ತೋರಿಸಿ ಹಿಂದೆ ಎಷ್ಟು ಕೊಟ್ಟಿದ್ದೆ ಎಂದು ಹೇಳಬಹುದು, ಮುಂದೆ ಕೊಡುವುದಿಲ್ಲ ಎಂದು ಹೇಳಲಾಗದು. ಹಿರಿಯರಲ್ಲಿ ನನ್ನ ಬೇಡಿಕೆ: ರಾಜಿ ಮಾಡಿಸುವುದಾದರೆ ಲೋಕ ಅದಾಲತ್ತಿನಲ್ಲೋ ಜಿಲ್ಲಾ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲೋ ಮಾಡಿಸಿ. ಅಲ್ಲಿ ಆದ ರಾಜಿಗೆ ಕೋರ್ಟಿನ ಬಲ ಇರುತ್ತದೆ, ಮಗುವಿನ ಪಾಲನ್ನೂ ಅಲ್ಲಿ ಮರೆಯುವುದಿಲ್ಲ.

ಹಣ ಕೊಡುವ ರೀತಿಯೂ ಮುಖ್ಯ. ಹಿರಿಯರ ಕೈಗೆ, ಮಾವನ ಕೈಗೆ, ಸಂತೆಯಲ್ಲಿ ಸಿಕ್ಕ ಭಾವನ ಕೈಗೆ ನಗದು ಕೊಟ್ಟು, ಕೊನೆಗೆ 'ಕೊಟ್ಟೀನಿ ರೀ, ದೇವರಾಣೆ' ಎನ್ನುವವರ ಮಾತಿಗೆ ರಸೀದಿ ಎಲ್ಲಿದೆ? ಕೊಟ್ಟದ್ದು ನಿಜವೇ ಆಗಿದ್ದರೂ ಸೋಲುತ್ತಾರೆ. ತಾಯಿಯ ಬ್ಯಾಂಕ್ ಖಾತೆಗೆ ಹಾಕಿ, ಫೋನ್‌ಪೇ ಮಾಡಿ, ಇಲ್ಲವೇ ಕೋರ್ಟಿನಲ್ಲೇ ಕಟ್ಟಿ ರಸೀದಿ ಪಡೆಯಿರಿ. ಪೂರ್ತಿ ಕಟ್ಟಲಾಗದ ತಿಂಗಳು ಅರ್ಧವಾದರೂ ಕಟ್ಟಿ. ಸಾವಿರ ರೂಪಾಯಿಯಾದರೂ ಪ್ರತಿ ತಿಂಗಳು ಕಟ್ಟಿದವನಿಗೂ ಎರಡು ವರ್ಷ ಏನೂ ಕಟ್ಟದವನಿಗೂ ಇರುವ ವ್ಯತ್ಯಾಸ ಕೋರ್ಟಿಗೆ ಕಾಣುತ್ತದೆ.

ಕೆಲವು ಮಾತುಗಳನ್ನು ದಯವಿಟ್ಟು ಕೋರ್ಟಿಗೆ ತರಬೇಡಿ. ಸಿಟ್ಟಿನಲ್ಲಿ 'ಅದು ನನ್ನ ಮಗುವೇ ಅಲ್ಲ' ಎನ್ನುವುದು ಅದರಲ್ಲಿ ಮೊದಲನೆಯದು. ಮದುವೆಯಲ್ಲಿ ಹುಟ್ಟಿದ ಮಗುವಿನ ಡಿಎನ್ಎ ಪರೀಕ್ಷೆಯನ್ನು ಕೇಳಿದ ಕೂಡಲೇ ಮಾಡಿಸುವಂತಿಲ್ಲ ಎಂದು 2023ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಆ ಮಾತು ದಾಖಲೆಯಲ್ಲಿ ಉಳಿದು, ದೊಡ್ಡವನಾದ ಮಗ ಒಂದು ದಿನ ಓದುತ್ತಾನೆ. 'ಮಗುವನ್ನ ತೋರ್ಸೂದಿಲ್ಲ, ನಾ ಯಾಕ ಕೊಡ್ಲಿ' ಎಂಬುದು ಇನ್ನೊಂದು. ಈ ಸಂಕಟ ನನಗೆ ಅರ್ಥವಾಗುತ್ತದೆ. ಅದಕ್ಕೆ ಬೇರೆ ಅರ್ಜಿ ಇದೆ. ಮಗುವನ್ನು ಭೇಟಿಯಾಗಲು ದಿನ ಗೊತ್ತುಮಾಡಿ ಎಂದು ಕೇಳಲು ನಿಮ್ಮ ಅದೇ ಉಚಿತ ವಕೀಲರು ಸಹಾಯ ಮಾಡುತ್ತಾರೆ. ಭೇಟಿ ಇಲ್ಲವೆಂದು ಅನ್ನ ನಿಲ್ಲಿಸುವಂತಿಲ್ಲ. ಮುಸ್ಲಿಂ ಸಮಾಜದ ಅಣ್ಣಂದಿರು, ವಿಚ್ಛೇದಿತ ಮುಸ್ಲಿಂ ಮಹಿಳೆಯರ 1986ರ ಕಾಯ್ದೆಯಂತೆ ಎರಡು ವರ್ಷದ ತನಕ ಮಾತ್ರ ಮಗುವಿನ ಹೊಣೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. 1997ರ ನೂರ್ ಸಬಾ ಖಾತೂನ್ ತೀರ್ಪಿನಂತೆ ಮಕ್ಕಳ ಹಕ್ಕು ಎಲ್ಲ ಧರ್ಮದವರಿಗೂ ಒಂದೇ.

ಬಾಕಿಯ ಕೇಸು ಎದುರಿಸುವ ತಾಯಂದಿರೂ ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮಕ್ಕಳನ್ನು ಸಾಕುವ ಹೊಣೆ ಇಬ್ಬರದೂ ಇದೆ. ದುಡಿಯುವ ತಾಯಿಯ ಸಂಬಳವನ್ನೂ ಲೆಕ್ಕಕ್ಕೆ ಹಿಡಿದು ಪಾಲು ಹಂಚಬೇಕು ಎಂದು 2000ದಲ್ಲಿ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಹೆಂಡತಿ ನೌಕರಿಯಲ್ಲಿದ್ದರೆ ಅದನ್ನು ಉತ್ತರದಲ್ಲಿ ಬರೆಯಿರಿ. ಅದರಿಂದ ನಿಮ್ಮ ಪಾಲು ಕಡಿಮೆಯಾದೀತು, ಪೂರ್ತಿ ಹೋಗದು.

ಹಣ ಬಾರದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗದ ಕಡೆ ಬೆಳಿಗ್ಗೆ ಟಂಟಂ ಗಾಡಿಗಳು ಹಳ್ಳಿ ಹಳ್ಳಿಯಿಂದ ಹೆಂಗಸರನ್ನು ತುಂಬಿಕೊಂಡು ಹೊಲಕ್ಕೆ ಹೋಗುತ್ತವೆ. ಅದರಲ್ಲಿ ಅವ್ವನ ಪಕ್ಕ ಒತ್ತಿಕೊಂಡು ಕೂತ ಹುಡುಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೂ ಇದ್ದಾಳೆ. ಬರುವ ವರ್ಷ ಇರುವುದಿಲ್ಲ. ತಿಂಗಳಿಗೆ ಎರಡು ಮೂರು ಸಾವಿರ ತಪ್ಪದೆ ಬಂದರೆ ಅವ್ವ ಅವಳನ್ನು ಗಾಡಿ ಹತ್ತಿಸುವುದಿಲ್ಲ. ನಿಮ್ಮ ಹಟ, ಆಕೆಯ ಹಟ ಎರಡರ ನಡುವೆ ಕೂಲಿಗೆ ಹೋಗುವುದು ಆ ಮಗು.

ರಾಯಚೂರಿನ ವಕೀಲರಲ್ಲಿ, ಪ್ರಾಧಿಕಾರದವರಲ್ಲಿಯೂ ಒಂದು ಕೋರಿಕೆ. ಕಾನೂನು ಅರಿವು ಶಿಬಿರಗಳು ಹೆಚ್ಚಾಗಿ ಶಾಲೆ, ಅಂಗನವಾಡಿ, ಸ್ವಸಹಾಯ ಸಂಘಗಳಲ್ಲಿ ನಡೆಯುತ್ತವೆ. ಅಲ್ಲಿ ಈ ತಂದೆಯರು ಇರುವುದಿಲ್ಲ. ಗುಳೆ ಹೊರಟವರ ಗಂಟುಮೂಟೆ ತುಂಬಿದ ಬಸ್ಸುಗಳು ನಿಲ್ಲುವ ದೇವದುರ್ಗ, ಮಾನ್ವಿ ನಿಲ್ದಾಣಗಳಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಶಕ್ತಿನಗರದ ಗೇಟಿನ ಹೊರಗೆ, ಸೂಗೂರೇಶ್ವರನ ಜಾತ್ರೆಯಲ್ಲಿ ಒಂದು ಮೇಜು ಹಾಕಿ ಕೂರಿ. ಬೆಂಗಳೂರಿನಲ್ಲಿರುವವನ ಫೋನ್ ನಂಬರನ್ನು ಅರ್ಜಿಯಲ್ಲೇ ಬರೆಸಿಕೊಳ್ಳುವ ರೂಢಿಯನ್ನು ನಮ್ಮಂಥ ಅರ್ಜಿ ಬರೆಯುವವರೂ ಬೆಳೆಸಿಕೊಳ್ಳಬೇಕು.

ಅಣ್ಣ ತಮ್ಮಂದಿರೇ, 15100 ಎಂಬುದು ಕಾನೂನು ನೆರವಿನ ಉಚಿತ ಸಹಾಯವಾಣಿ. ಬೆಂಗಳೂರಿನ ಶೆಡ್ಡಿನಿಂದಲೂ ಕರೆ ಮಾಡಬಹುದು. ಸಮನ್ಸ್, ಆಧಾರ್, ಜಾತಿ ಪ್ರಮಾಣಪತ್ರ ಅಥವಾ ಆದಾಯ ಪತ್ರ, ಇಲ್ಲಿಯವರೆಗೆ ಕೊಟ್ಟ ಹಣದ ಯಾವುದೇ ಗುರುತು ಇವನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಮುಂದಿನ ತಾರೀಖಿಗೆ ಕಾಯದೆ, ಈ ವಾರವೇ ರಾಯಚೂರು, ದೇವದುರ್ಗ ಅಥವಾ ಮಾನ್ವಿಯ ಕೋರ್ಟಿನ ಕಾನೂನು ಸೇವಾ ಕಚೇರಿಗೆ ಹೋಗಿ ವಕೀಲರನ್ನು ಕೇಳಿ ಪಡೆಯಿರಿ. ಅಲ್ಲಿಂದ ಬರುವಾಗ ಮಗುವಿನ ತಾಯಿಯ ಖಾತೆಗೆ ಈ ತಿಂಗಳದ್ದು ಎಷ್ಟು ಸಾಧ್ಯವೋ ಅಷ್ಟನ್ನು ಹಾಕಿ.

ಇಂತಿ,
ದೇವಸುಗೂರಿನ ನಿಮ್ಮ ಅಕ್ಕ